ಬಡ ದೇಶಗಳಲ್ಲಿ ಕರೆಂಟ್, ಇಂಧನದ ಕೊರತೆ ಅಭಿವೃದ್ಧಿಗೆ ಹೇಗೆ ಅಡ್ಡಿಯಾಗುತ್ತದೆ?

ಇಂಧನ ಬಡತನ ಅಂದರೆ ಬರೀ ಕತ್ತಲೆ ಅಲ್ಲ. ಅದರ ಪೆಟ್ಟು ಮೊದಲು ಬೀಳುವುದು ಒಲೆಯ ಮುಂದೆ. ಇವತ್ತಿಗೂ ಸುಮಾರು 200 ಕೋಟಿ ಜನರ ಅಡುಗೆ ಸೌದೆ, ಇದ್ದಿಲು, ಬೆರಣಿಯಲ್ಲೇ ನಡೆಯುತ್ತದೆ. ಮನೆಯೊಳಗಿನ ಇಂಥ ಹೊಗೆ 2020ರಲ್ಲಿ ಸುಮಾರು 32 ಲಕ್ಷ ಜೀವ ತೆಗೆದಿದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸೌದೆ ಹೊರೆ ಹೊತ್ತು ಮೈಲಿಗಟ್ಟಲೆ ನಡೆಯುವ ಹುಡುಗಿ ಆ ಹೊತ್ತಿಗೆ ಶಾಲೆಯಲ್ಲಿ ಇರಬೇಕಿತ್ತು, ಅಲ್ವಾ?

ಕರೆಂಟೇ ಇಲ್ಲದವರಲ್ಲಿ ಹೆಚ್ಚಿನವರು ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದವರು. ಅಲ್ಲಿನ ಎಷ್ಟೋ ಆರೋಗ್ಯ ಕೇಂದ್ರಗಳಲ್ಲಿ ಮೊಬೈಲ್ ಟಾರ್ಚ್ ಬೆಳಕಲ್ಲೇ ಹೆರಿಗೆ ಆಗುತ್ತದೆ. ಲಸಿಕೆ ಇಡಲು ಫ್ರಿಜ್ ಇರುವುದಿಲ್ಲ.

ತಂತಿ ಬಂದರೆ ಸಾಲದು. ಕರೆಂಟ್ ಪದೇ ಪದೇ ಹೋದರೆ ಗಿರಣಿಯವನ ದುಡಿಮೆಯೆಲ್ಲ ಜನರೇಟರ್‌ನ ಡೀಸೆಲ್‌ಗೇ ಸುರಿದುಹೋಗುತ್ತದೆ, ಇನ್ನೊಬ್ಬನಿಗೆ ಕೆಲಸ ಕೊಡುವ ಮಾತೆಲ್ಲಿ? ಎಷ್ಟು ಮನೆಗೆ ತಂತಿ ಎಳೆದರು ಅನ್ನುವುದಕ್ಕಿಂತ ದಿನಕ್ಕೆ ಎಷ್ಟು ಗಂಟೆ ಕರೆಂಟ್ ಇರುತ್ತದೆ ಅನ್ನುವುದನ್ನೇ ನಾನು ಮೊದಲು ಕೇಳುತ್ತೇನೆ.