ಕೊರಳಿಗೆ ಡಾಬು ಕಟ್ಟಿದಂತೆ

ಓದುಗರ ಪತ್ರ: ನಾನು ನ್ಯೂಜೆರ್ಸಿಯ ಪ್ರೌಢಶಾಲೆಯೊಂದರಲ್ಲಿ ಹನ್ನೊಂದನೆಯ ತರಗತಿಗೆ ಇಂಗ್ಲಿಷ್ ಕಲಿಸುತ್ತೇನೆ. ಮೇ ತಿಂಗಳಲ್ಲಿ ಮಕ್ಕಳಿಗೆ ಎಪಿ ಇಂಗ್ಲಿಷ್ ಲ್ಯಾಂಗ್ವೇಜ್ ಎಂಬ ಕಾಲೇಜು ಮಟ್ಟದ ಪರೀಕ್ಷೆ. ಈತೋಸ್ (ಮಾತನಾಡುವವನ ಮೇಲಿನ ವಿಶ್ವಾಸ), ಪೇತೋಸ್ (ಭಾವನೆ), ಲೋಗೋಸ್ (ತರ್ಕ) ಎಂಬ ಮನವೊಲಿಕೆಯ ಬಗೆಗಳೆಲ್ಲವೂ ಅವರಿಗೆ ಬಾಯಿಪಾಠವಾಗಿದೆ. ಆದರೆ ಪ್ರಬಂಧ ಬರೆಯಿರಿ ಎಂದರೆ ಆ ಹೆಸರುಗಳ ಪಟ್ಟಿಯನ್ನೇ ಒಪ್ಪಿಸುತ್ತಾರೆ. ತರಗತಿಯಲ್ಲಿ ಸೊಗಸಾಗಿ ವಾದಿಸುವ ಹುಡುಗನೊಬ್ಬ ಬರೆಯಲು ಕುಳಿತರೆ ಮರಗಟ್ಟಿಹೋಗುತ್ತಾನೆ. ಉಳಿದಿರುವುದು ಮೂರೇ ವಾರ. ಪತ್ರಿಕೆಗೆ ಬರುವ ಮೊದಲು ನೀವೂ ಇಂಗ್ಲಿಷ್ ಮೇಷ್ಟರಾಗಿದ್ದಿರಿ ಎಂದು ಓದಿದ್ದೆ. ದಾರಿ ತೋರಿಸುವಿರಾ?

ಸಂಪಾದಕರ ಉತ್ತರ:

ಮಾನ್ಯರೇ,

ನಿಮ್ಮ ಪತ್ರ ಓದಿ ನನ್ನ ಹಳೆಯ ತರಗತಿಯೇ ಕಣ್ಣ ಮುಂದೆ ಬಂತು. ನನ್ನ ವಿದ್ಯಾರ್ಥಿಗಳೂ ಅಲಂಕಾರವನ್ನು ಗುರುತಿಸಿ ಅಲ್ಲಿಗೇ ನಿಲ್ಲಿಸುತ್ತಿದ್ದರು. ತಪ್ಪು ಅವರದಲ್ಲ, ನಾನು ಕೇಳುತ್ತಿದ್ದ ಪ್ರಶ್ನೆಯದು. ‘ಇದು ಯಾವ ಅಲಂಕಾರ?’ ಎಂದು ಕೇಳಿದರೆ ಹೆಸರಲ್ಲದೆ ಬೇರೇನು ಬಂದೀತು?

ನಿಮ್ಮ ಪರೀಕ್ಷೆಯ ಅಂಕಗಳ ಹಂಚಿಕೆಯನ್ನೇ ನೋಡಿ. ಪ್ರತಿ ಪ್ರಬಂಧಕ್ಕೆ 6 ಅಂಕ. ಅದರಲ್ಲಿ 4 ಅಂಕ ಇರುವುದು ಆಧಾರಕ್ಕೆ ಮತ್ತು ಆ ಆಧಾರವನ್ನು ಬಿಡಿಸಿ ಹೇಳುವುದಕ್ಕೆ. ಮೂರು ವಾರಗಳ ಹೆಚ್ಚಿನ ಪಾಲು ಅಲ್ಲಿಗೇ ಸಲ್ಲಬೇಕು. 45 ಬಹು ಆಯ್ಕೆಯ ಪ್ರಶ್ನೆಗಳಿಗೆ ವಾರಕ್ಕೊಮ್ಮೆ ಗಡಿಯಾರ ಇಟ್ಟು ಒಂದು ಗಂಟೆ ಅಭ್ಯಾಸ ಮಾಡಿಸಿದರೆ ಸಾಕು.

ಲಿಂಕನ್ ಅವರ ಗೆಟಿಸ್‌ಬರ್ಗ್ ಭಾಷಣದಿಂದ ಶುರು ಮಾಡಿ. ಮಕ್ಕಳಿಗೆ ಅದು ಗೊತ್ತೇ ಇರುತ್ತದೆ, ಹಾಗಾಗಿಯೇ ಅದು ಬೇಕು. 1863ರ ನವೆಂಬರ್ 19. ಜುಲೈನಲ್ಲಿ ಅಮೆರಿಕದ ಅಂತರ್ಯುದ್ಧದ ಕಾಳಗ ನಡೆದ ನೆಲದಲ್ಲೇ ಯೋಧರ ಸ್ಮಶಾನವನ್ನು ಅರ್ಪಿಸುವ ಸಮಾರಂಭ. ಮುಖ್ಯ ಭಾಷಣಕಾರ ಎಡ್ವರ್ಡ್ ಎವರೆಟ್ ಸುಮಾರು ಎರಡು ಗಂಟೆ ಮಾತನಾಡಿದ ಮೇಲೆ ಲಿಂಕನ್ ಎದ್ದು ಆಡಿದ್ದು ಸುಮಾರು 270 ಪದ. ಮೊದಲ ಮಾತೇ ಕಾಲದ ಲೆಕ್ಕ: ನಾಲ್ಕು ಇಪ್ಪತ್ತು ಮತ್ತು ಏಳು ವರ್ಷಗಳ ಹಿಂದೆ. ‘ಇದು ಬೈಬಲ್ಲಿನ ಧಾಟಿ’ ಎಂದು ಜಾಣ ವಿದ್ಯಾರ್ಥಿ ಹೇಳಿಯಾನು. ಹೌದು. ಆದರೆ ಆ ಲೆಕ್ಕ ಎಲ್ಲಿಗೆ ಹೋಗಿ ನಿಲ್ಲುತ್ತದೆ? 1863ರಿಂದ ಆ 87 ವರ್ಷ ಕಳೆದು ನೋಡಲು ಹೇಳಿ. ಸ್ವಾತಂತ್ರ್ಯ ಘೋಷಣೆಯ 1776 ಬರುತ್ತದೆ, ಸಂವಿಧಾನ ರಚನೆಯಾದ 1787 ಅಲ್ಲ. ಸಂವಿಧಾನ ಗುಲಾಮಗಿರಿಯನ್ನು ಸಹಿಸಿಕೊಂಡಿತ್ತು. ಸ್ವಾತಂತ್ರ್ಯ ಘೋಷಣೆಯಾದರೋ ಎಲ್ಲರೂ ಸಮಾನರಾಗಿ ಹುಟ್ಟಿದವರು ಎಂದಿತ್ತು. ಗುಲಾಮಗಿರಿ ಎಂಬ ಪದವನ್ನು ಒಮ್ಮೆಯೂ ಉಚ್ಚರಿಸದೆ, ದೇಶ ಹುಟ್ಟಿದ್ದು ಯಾವ ಮಾತಿನಿಂದ ಎಂಬುದನ್ನು ಲಿಂಕನ್ ಒಂದು ಕಳೆಯುವ ಲೆಕ್ಕದಲ್ಲಿ ತೀರ್ಮಾನಿಸಿಬಿಟ್ಟರು! ಇದನ್ನು ಕಂಡುಕೊಂಡ ಮಗುವಿಗೆ ಬರೆಯಲು ಸಾಮಗ್ರಿ ಸಿಕ್ಕಿತು.

ಇನ್ನೂ ಒಂದಿದೆ. ‘ಅರ್ಪಿಸು’ ಎಂಬರ್ಥದ ಇಂಗ್ಲಿಷ್ ಪದ ಆ ಪುಟ್ಟ ಭಾಷಣದಲ್ಲಿ ಆರು ಸಲ ಬರುತ್ತದೆ. ‘ಪುನರಾವರ್ತನೆ’ ಎಂದು ಬರೆದು ಮುಂದೆ ಹೋಗಲು ಬಿಡಬೇಡಿ. ಮೊದಲು ದೇಶ ಒಂದು ತತ್ತ್ವಕ್ಕೆ ಅರ್ಪಿತ. ಆಮೇಲೆ ನೆಲವನ್ನು ಅರ್ಪಿಸಲು ಬಂದಿದ್ದೇವೆ. ಇಲ್ಲ, ಅದನ್ನು ಅರ್ಪಿಸಲು ನಾವು ಯಾರು. ಕೊನೆಗೆ, ಅರ್ಪಿಸಿಕೊಳ್ಳಬೇಕಾದವರು ಬದುಕಿರುವ ನಾವೇ. ಸತ್ತವರಿಗಾಗಿ ಕಣ್ಣೀರಿಡಲು ಬಂದ ಜನರ ಹೆಗಲ ಮೇಲೆ ಮುಗಿಯದ ಕೆಲಸವನ್ನು ಹೊರಿಸುವುದು ಆ ಒಂದು ಪದ. ಅದರ ಹೆಜ್ಜೆ ಹಿಡಿದು ನಡೆದರೆ ಪ್ರಬಂಧಕ್ಕೆ ಬೇರೆ ಚೌಕಟ್ಟೇ ಬೇಡ.

ನಮ್ಮ ಅಲಂಕಾರಶಾಸ್ತ್ರದ ನೆನಪು ಈಗ ನಿಮಗೂ ಬಂದಿರಬಹುದು. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ, ಡಾಬನ್ನು ಕೊರಳಿಗೆ, ಹಾರವನ್ನು ಸೊಂಟಕ್ಕೆ ಕಟ್ಟಿಕೊಂಡರೆ ಯಾರು ನಗುವುದಿಲ್ಲ ಎಂದು ಕೇಳಿದ್ದ. ಯಾವುದು ಎಲ್ಲಿ ಒಪ್ಪುತ್ತದೋ ಅಲ್ಲಿರುವುದನ್ನು ಅವನು ಔಚಿತ್ಯ ಎಂದ. ಈ ಮಾತು ಇಲ್ಲಿ, ಇವರ ಮುಂದೆ, ಈ ಹೊತ್ತಿನಲ್ಲಿ ಏಕೆ ಎಂಬ ಪ್ರಶ್ನೆಯೂ ಅದೇ. ನಿಮ್ಮ ಮಕ್ಕಳಿಗೆ ಈ ಡಾಬಿನ ಮಾತನ್ನು ಖಂಡಿತ ಹೇಳಿ.

ದಿನಕ್ಕೆ ಒಂದೇ ಪ್ಯಾರಾ ಬರೆಸಿ. ಬರೆದಾದ ಮೇಲೆ ಅಲಂಕಾರದ ಹೆಸರುಗಳನ್ನೆಲ್ಲ ಹೊಡೆದುಹಾಕಿಸಿ. ಉಳಿದದ್ದಕ್ಕೆ ಅರ್ಥವಿದ್ದರೆ ಪ್ಯಾರಾ ಗೆದ್ದಿತು. ‘ಕೇಳುಗರ ಮನ ಸೆಳೆಯುತ್ತಾರೆ’ ಎಂಬಂಥ, ಯಾವ ಭಾಷಣಕ್ಕೂ ಹೊಂದುವ ವಾಕ್ಯವಷ್ಟೇ ಉಳಿದರೆ ಮತ್ತೆ ಬರೆಯಲಿ. ಪೂರ್ತಿ ಪ್ರಬಂಧ, ನಲವತ್ತು ನಿಮಿಷದ ಗಡುವು, ಇವೆಲ್ಲ ಕೊನೆಯ ವಾರಕ್ಕಿರಲಿ.

ಆ ಹುಡುಗನ ವಿಷಯ. ಅವನಿಗೆ ಖಾಲಿ ಹಾಳೆಯನ್ನು ಕೊಡಬೇಡಿ. ಅವನು ವಾದಿಸಲಿ, ಪಕ್ಕದಲ್ಲಿ ಕುಳಿತ ಸಹಪಾಠಿ ಅದನ್ನು ಆಡಿದಂತೆಯೇ ಬರೆದುಕೊಳ್ಳಲಿ. ಮರುದಿನ ಆ ಹಾಳೆಯನ್ನು ಅವನ ಕೈಗೇ ಕೊಟ್ಟು, ತಿದ್ದಲು ಹೇಳಿ.