ರೋಬೋಟ್ ಓಡುತ್ತೆ, ಗಣಿತ ಎಲ್ಲಿ?

ಪ್ರಶ್ನೆ: ನಾನು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ 3 ಮತ್ತು 4ನೇ ತರಗತಿಗೆ ಗಣಿತ ಕಲಿಸುತ್ತೇನೆ. ದಾನಿಗಳೊಬ್ಬರು ಶಾಲೆಗೆ ಎರಡು ಬೀ-ಬಾಟ್ ಕೊಟ್ಟಿದ್ದಾರೆ. ಬೆನ್ನ ಮೇಲಿನ ಬಾಣದ ಬಟನ್‌ಗಳನ್ನು ಒತ್ತಿ, ಕೊನೆಗೆ ‘ಗೋ’ ಒತ್ತಿದರೆ ಅದೇ ಪ್ರಕಾರ ಓಡುವ, ಹಳದಿ ಜೇನುಹುಳುವಿನ ಆಕಾರದ ಪುಟ್ಟ ರೋಬೋಟ್. ಮಕ್ಕಳಿಗೆ ಭಾರೀ ಖುಷಿ. ಆದರೆ ಪೀರಿಯಡ್ ಮುಗಿದ ಮೇಲೆ ಗಣಿತ ಏನು ಕಲಿತರು ಅಂದರೆ ನನ್ನ ಹತ್ತಿರ ಉತ್ತರವಿಲ್ಲ. 32 ಮಕ್ಕಳಿಗೆ ಎರಡು ಸಾಕಾ, ಇನ್ನೊಂದು ತರಿಸಬೇಕಾ?
ಶಿಕ್ಷಕಿ, ಕೊಪ್ಪಳ ಜಿಲ್ಲೆ

ಉತ್ತರ: ಮೇಡಂ, ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಸುಮ್ನೆ ಬಟನ್ ಒತ್ತಿ ಓಡಿಸಿದರೆ ಅದು ಆಟದ ಸಾಮಾನು ಅಷ್ಟೇ. ಒಂದು ನಿಯಮ ಮಾಡಿ. ‘ಗೋ’ ಒತ್ತುವ ಮೊದಲು, ಅದು ಎಲ್ಲಿ ಹೋಗಿ ನಿಲ್ಲುತ್ತದೆ ಅಂತ ಪ್ರತಿ ಮಗುವೂ ಸ್ಲೇಟಿನಲ್ಲಿ ಬರೆಯಬೇಕು. ಬರೆದದ್ದು ಒಂದು ಕಡೆ, ನಿಂತದ್ದು ಇನ್ನೊಂದು ಕಡೆ ಆದಾಗ ‘ಯಾಕೆ?’ ಅಂತ ಕೇಳಿ. ಗಣಿತ ಶುರುವಾಗೋದೇ ಅಲ್ಲಿ.

ಬೀ-ಬಾಟ್ ಒಂದು ಹೆಜ್ಜೆಗೆ 15 ಸೆಂ.ಮೀ. ಹೋಗುತ್ತದೆ. ಹಳೇ ಫ್ಲೆಕ್ಸ್ ಬ್ಯಾನರ್ ತಿರುಗಿಸಿ ಹಾಕಿ, ಅದರ ಬಿಳಿ ಮೈ ಮೇಲೆ 15 ಸೆಂ.ಮೀ. ಮನೆಗಳನ್ನು ಮಾರ್ಕರ್‌ನಲ್ಲಿ ಗೀರಿ. ಒಂದೇ ಸಾಲಿನಲ್ಲಿ 0ಯಿಂದ 10ರವರೆಗೆ ಬರೆಯಿರಿ. ಹುಳುವನ್ನು 3ರ ಮೇಲಿಟ್ಟು, 7ಕ್ಕೆ ಹೋಗಲು ಮುಂದಕ್ಕೆ ಹೋಗುವ ಬಟನ್ ಎಷ್ಟು ಸಲ ಒತ್ತಬೇಕು ಅಂತ ಕೇಳಿ. ಎಷ್ಟೋ ಮಕ್ಕಳು 5 ಅಂತ ಬರೆಯುತ್ತಾರೆ. ಮೂರು, ನಾಲ್ಕು, ಐದು, ಆರು, ಏಳು ಅಂತ ಹೊರಡುವ ಮನೆಯನ್ನೂ ಸೇರಿಸಿ ಎಣಿಸಿರುತ್ತಾರೆ. ಹುಳು ಹೋಗಿ 8ರ ಮೇಲೆ ನಿಲ್ಲುತ್ತದೆ! ಸ್ಕೇಲನ್ನು 1ರಿಂದ ಹಿಡಿದು ಪೆನ್ಸಿಲ್ ಅಳೆಯುತ್ತಾರಲ್ಲ, ಅದೂ ಇದೇ ತಪ್ಪು. ಬೋರ್ಡಿನ ಮೇಲೆ ಎಷ್ಟು ಸಲ ತಿದ್ದಿದರೂ ಮತ್ತೆ ಬರುತ್ತೆ, ಅಲ್ವಾ? ಇಲ್ಲಿ ನೀವು ತಿದ್ದಲು ಹೋಗಬೇಡಿ. ಹುಳು ಹೊರಟು ನಿಂತಾಗಲೆಲ್ಲ ಜೋರಾಗಿ ಎಣಿಸಲು ಹೇಳಿ. ಎಣಿಸಬೇಕಾದ್ದು ಮನೆಯನ್ನಲ್ಲ, ಹೆಜ್ಜೆಯನ್ನು ಅಂತ ಅವರಲ್ಲೇ ಯಾರಾದರೂ ಕಂಡುಕೊಳ್ಳುತ್ತಾರೆ. ಆಮೇಲೆ ಹಿಂದಕ್ಕೆ ಹೋಗುವ ಬಟನ್ ಕೊಟ್ಟರೆ ಕಳೆಯುವ ಲೆಕ್ಕ ಬಂತು.

4ನೇ ತರಗತಿಗೆ ಮನೆಗಳೇ ಬೇಡ. ಬರೀ ನೆಲ, ಒಂದು ಅಳತೆ ಟೇಪು. 90 ಸೆಂ.ಮೀ. ದೂರಕ್ಕೆ ಎಷ್ಟು ಹೆಜ್ಜೆ? 15ರ ಮಗ್ಗಿ ತಾನಾಗಿ ಬರುತ್ತದೆ. ಆಮೇಲೆ 1 ಮೀಟರ್ ಕೊಡಿ. 6 ಹೆಜ್ಜೆ ಇಟ್ಟರೆ 10 ಸೆಂ.ಮೀ. ಉಳಿಯುತ್ತದೆ, 7 ಇಟ್ಟರೆ 5 ಸೆಂ.ಮೀ. ದಾಟಿ ಹೋಗುತ್ತದೆ. ಭಾಗಾಕಾರದ ಶೇಷ ನೆಲದ ಮೇಲೇ ಕಾಣುತ್ತೆ, ಕೈಯಲ್ಲೇ ಅಳೆಯಬಹುದು.

ಎರಡು ಕಡೆ ಎಡವುತ್ತೀರಿ, ಮೊದಲೇ ಹೇಳಿಬಿಡುತ್ತೇನೆ. ತಿರುಗುವ ಬಟನ್ ಒತ್ತಿದರೆ ಹುಳು ನಿಂತಲ್ಲೇ 90 ಡಿಗ್ರಿ ತಿರುಗುತ್ತದೆ, ಮುಂದಕ್ಕೆ ಹೋಗುವುದಿಲ್ಲ. ಇನ್ನೊಂದು, ಹಿಂದಿನ ಗುಂಪು ಒತ್ತಿದ್ದನ್ನು ಅಳಿಸದಿದ್ದರೆ ಅದನ್ನೂ ಸೇರಿಸಿ ಓಡುತ್ತದೆ. ಹೊಸ ಲೆಕ್ಕಕ್ಕೆ ಮುಂಚೆ ಅಳಿಸುವ ಬಟನ್ ಒತ್ತಿಸಿ. ಇಲ್ಲದಿದ್ದರೆ ‘ಇದು ಕೆಟ್ಟುಹೋಗಿದೆ ಮಿಸ್’ ಅಂತ ದೂರು ಬರುತ್ತೆ!

ಇನ್ನು 32 ಮಕ್ಕಳ ವಿಷಯ. 1967ರಲ್ಲಿ ಅಮೆರಿಕದಲ್ಲಿ ಲೋಗೋ ಎಂಬ ಕಂಪ್ಯೂಟರ್ ಭಾಷೆ ಕಟ್ಟಿದ ಸೀಮೋರ್ ಪ್ಯಾಪರ್ಟ್ ಮತ್ತು ಸಂಗಡಿಗರು, ಮುಂದೆ ಅದರಿಂದ ನೆಲದ ಮೇಲೆ ಆಮೆ ರೋಬೋಟ್ ಓಡಿಸಿದರು. ಆಮೆಯ ಜಾಗದಲ್ಲಿ ನೀನೇ ಇದ್ದರೆ ಹೇಗೆ ನಡೆಯುತ್ತೀ ಅಂತ ಮಕ್ಕಳನ್ನು ಕೇಳುವುದು ಅವರ ದಾರಿ. ನೀವೂ ಅದನ್ನೇ ಮಾಡಿ. ನಾಲ್ಕು ಮಕ್ಕಳಿಗೆ ಒಂದು ಗುಂಪು. ಒಬ್ಬಳು ಹುಳು, ಒಬ್ಬ ಆಜ್ಞೆ ಕೊಡುವವನು, ಇನ್ನಿಬ್ಬರು ಬರೆದು ನೋಡುವವರು. ಎರಡು ಗುಂಪು ರೋಬೋಟ್ ಹತ್ತಿರ, ಉಳಿದವು ಅಂಗಳದಲ್ಲಿ, ಸರದಿ ಪ್ರಕಾರ. ನನ್ನ ಕೇಳಿದರೆ ಅಂಗಳದ ಗುಂಪುಗಳೇ ಜಾಸ್ತಿ ಕಲಿಯುತ್ತವೆ.

ಬಿಡಿ-ಹತ್ತು-ನೂರು, ದಶಕ ಪಡೆದು ಕಳೆಯುವುದು, ಇವಕ್ಕೆ ಮಾತ್ರ ಹುಳುವನ್ನು ಎಳೆಯಬೇಡಿ. ಕಡ್ಡಿ ಕಟ್ಟು ಅದಕ್ಕಿಂತ ಚೆನ್ನಾಗಿ ತೋರಿಸುತ್ತದೆ. ಮೂರನೇ ರೋಬೋಟ್ ಬೇಡ ಮೇಡಂ. ಆ ದುಡ್ಡಲ್ಲಿ ಗುಂಪಿಗೊಂದು ಅಳತೆ ಟೇಪು ತರಿಸಿ.