ಅಮ್ಮ ಆಕ್ಲೆಂಡಿಗೆ ಬರುವ ದಾರಿ

ಡಿಸೆಂಬರಿನಲ್ಲಿ ಅಮ್ಮನನ್ನು ಉಡುಪಿಯಿಂದ ಕರೆಸಿಕೊಳ್ಳಬೇಕು, ಮಂಗಳೂರಿನಿಂದ ಆಕ್ಲೆಂಡಿಗೆ ಎಷ್ಟು ದೂರ, ಎಷ್ಟು ಗಂಟೆ, ದುಬೈ ಮೇಲೆ ಬಂದರೆ ಸುಲಭವಾ ಅಂತ ಕೇಳಿದ್ದೀರಿ. ನೀವು ಇಲ್ಲಿಗೆ ಬಂದು ಎರಡು ತಿಂಗಳು, ನಾನು ಬಂದು ಹದಿನಾಲ್ಕು ವರ್ಷ. ದುಬೈ ಬೇಡ ಮಾರಾಯ್ರೇ.

ನಮ್ಮ ಕರಾವಳಿಯವರಿಗೆ ಫಾರಿನ್ ಅಂದ್ರೆ ಮೊದಲು ನೆನಪಾಗುವುದೇ ದುಬೈ. ಮಂಗಳೂರಿನ ಬಜ್ಪೆ ಏರ್‌ಪೋರ್ಟಿನಲ್ಲಿ ಹತ್ತಿದರೆ ನಾಲ್ಕು ಗಂಟೆಯಲ್ಲಿ ಅಲ್ಲಿ. ಅಲ್ಲಿಂದ ಆಕ್ಲೆಂಡಿಗೆ ನೇರ ವಿಮಾನವೂ ಉಂಟು. ಆದರೆ ಅಮ್ಮ ಮೊದಲು ಪಶ್ಚಿಮಕ್ಕೆ ಸುಮಾರು 2,500 ಕಿ.ಮೀ. ಹೋಗಿ, ಆಮೇಲೆ ಪೂರ್ವಕ್ಕೆ 14,200 ಕಿ.ಮೀ. ಬರಬೇಕು. ಎರಡನೆಯದೇ 16 ಗಂಟೆ. ಉಡುಪಿಯಿಂದ ಮಣಿಪಾಲಕ್ಕೆ ಮಲ್ಪೆ ಸುತ್ತಿ ಹೋದ ಹಾಗೆ!

ಮಂಗಳೂರು–ಆಕ್ಲೆಂಡ್ ನೇರ ಗೆರೆ ಎಳೆದರೆ ಸುಮಾರು 11,700 ಕಿ.ಮೀ. ಬೆಂಗಳೂರು, ಸಿಂಗಾಪುರ ಮೇಲೆ ಬಂದರೆ ಜಾಸ್ತಿಯಾಗುವುದು ಇನ್ನೂರು ಕಿ.ಮೀ. ಅಷ್ಟೇ. ಬೆಂಗಳೂರಿಗೆ ಒಂದು ಗಂಟೆ, ಸಿಂಗಾಪುರಕ್ಕೆ ನಾಲ್ಕೂವರೆ, ಅಲ್ಲಿಂದ ಇಲ್ಲಿಗೆ ಹತ್ತು. ವಾಪಸ್ ಹೋಗುವಾಗ ಎದುರುಗಾಳಿ, ಆ ಹತ್ತು ಗಂಟೆ ಹನ್ನೊಂದಾಗುತ್ತದೆ. ಆಸ್ಟ್ರೇಲಿಯಾ ಮೇಲಿನ ಟಿಕೆಟ್ ಅಗ್ಗ ಕಂಡರೂ ತೆಗೆಯಬೇಡಿ. ಭಾರತದ ಪಾಸ್‌ಪೋರ್ಟಿಗೆ ಅಲ್ಲಿ ಬರೀ ವಿಮಾನ ಬದಲಿಸಲಿಕ್ಕೂ ಟ್ರಾನ್ಸಿಟ್ ವೀಸಾ ಬೇಕು.

ಆದರೆ ಸುಸ್ತು ಮಾಡುವುದು ಹಾರುವ ಗಂಟೆ ಅಲ್ಲ, ಕಾಯುವ ಗಂಟೆ. ಉಡುಪಿ ಮನೆಯಿಂದ ನಿಮ್ಮ ಮನೆಗೆ 28ರಿಂದ 30 ಗಂಟೆ ಅಂತಲೇ ಲೆಕ್ಕ ಇಟ್ಟುಕೊಳ್ಳಿ. ಕಷ್ಟದ ಜಾಗ ಬೆಂಗಳೂರು. ಟಿಕೆಟ್ ಬೇರೆ ಬೇರೆ ಆದರೆ ಅಮ್ಮನೇ ಬ್ಯಾಗ್ ತೆಗೆದುಕೊಂಡು ಮತ್ತೆ ಚೆಕ್-ಇನ್ ಮಾಡಬೇಕು. ಇಂಟರ್‌ನ್ಯಾಷನಲ್ ಎಲ್ಲ ಟರ್ಮಿನಲ್ 2ರಿಂದ. ಮಂಗಳೂರಿನ ವಿಮಾನ ಟರ್ಮಿನಲ್ 1ರಲ್ಲಿ ಇಳಿದರೆ ನಡುವೆ ಶಟಲ್ ಬಸ್ಸು. ಐದಾರು ಗಂಟೆ ಬಿಡುವು ಇಡಿ. ಸಾಧ್ಯವಾದರೆ ಒಂದೇ ಟಿಕೆಟ್ ಮಾಡಿಸಿ, ಬ್ಯಾಗ್ ನೇರ ಆಕ್ಲೆಂಡಿಗೆ ಬರುತ್ತದೆ. ಡಿಸೆಂಬರ್ ಆದ್ದರಿಂದ ಬಚಾವ್. ಜುಲೈಯಲ್ಲಾದರೆ ಬಜ್ಪೆ ಗುಡ್ಡದ ಮಳೆಗೆ ವಿಮಾನ ಇಳಿಯಲಾಗದೆ ಬೇರೆ ಊರಿಗೆ ಹೋಗುವುದೂ ಉಂಟು.

ವೀಲ್‌ಚೇರ್ ಬುಕ್ ಮಾಡಿ. "ನನಗೆ ಕಾಲು ಸರಿ ಇದೆಯಲ್ಲ" ಅಂತ ಅವರು ಬೈಯಬಹುದು, ಬೈಯಲಿ. ಸಿಂಗಾಪುರದಲ್ಲಿ ಗೇಟ್ ಹುಡುಕುವ ಕೆಲಸ ತಪ್ಪುತ್ತದೆ. ಡಿಸೆಂಬರಿನಲ್ಲಿ ಇಲ್ಲಿ ಊರಿಗಿಂತ ಏಳೂವರೆ ಗಂಟೆ ಮುಂದೆ. ಮೊದಲ ವಾರ ಅವರು ರಾತ್ರಿ ಒಂದಕ್ಕೆ ಅಡುಗೆಮನೆಯಲ್ಲಿ ಕಂಡರೆ ಗಾಬರಿ ಬೇಡ.

ಇನ್ನು ಬ್ಯಾಗಿನ ವಿಷಯ. ಹಪ್ಪಳ, ಸಾರಿನ ಪುಡಿ, ಉಪ್ಪಿನಕಾಯಿ, ಏನಿದ್ದರೂ ಇಲ್ಲಿಗೆ ಬರುವವರು ಕೊಡಬೇಕಾದ ಡಿಕ್ಲರೇಶನ್ನಿನಲ್ಲಿ "ಹೌದು" ಅಂತಲೇ ಬರೆಯಬೇಕು. ಅದನ್ನು ಆನ್‌ಲೈನಿನಲ್ಲಿ ನೀವೇ ತುಂಬಿ ಕೊಡಬಹುದು. ಮುಚ್ಚಿಟ್ಟು ಸಿಕ್ಕಿಬಿದ್ದರೆ ಅಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ. ಜೇನುತುಪ್ಪ ಬೇಡವೇ ಬೇಡ. ಹೂವೂ ಅಷ್ಟೇ.

ನನ್ನ ಅಮ್ಮ ಮೊದಲ ಸಲ ಬಂದಾಗ ಬ್ಯಾಗಿನಲ್ಲಿ ಬಾಳೆಎಲೆಯಲ್ಲಿ ಸುತ್ತಿದ ಒಂದು ಚೆಂಡು ಶಂಕರಪುರ ಮಲ್ಲಿಗೆ ಇತ್ತು. ಪುಣ್ಯಕ್ಕೆ ಕೇಳುವ ಮೊದಲೇ ಅವರೇ ತೆಗೆದು ತೋರಿಸಿದರು. ದಂಡ ಬೀಳಲಿಲ್ಲ, ಮಲ್ಲಿಗೆ ಬುಟ್ಟಿಗೆ ಬಿತ್ತು. ಹೊರಗೆ ಬಂದವರು ನನ್ನ ಮುಖ ನೋಡಿ ಆಡಿದ ಮೊದಲ ಮಾತು: "ಇನ್ನೂ ಬಾಡಿರಲಿಲ್ಲ ಮಾರಾಯಾ."